ಬಾಣ ಹಾಕದೆ ಓದಿದ ಕಾಗದ

ಸೋಸಲೆ
10 ಫೆಬ್ರವರಿ 2025, ಸೋಮವಾರ

ಚಿ. ಮಧುಶ್ರೀಗೆ ಆಶೀರ್ವಾದಗಳು.

ಮಹದೇವನನ್ನು ಶನಿವಾರ ಕೆಲಸದಿಂದ ಸಸ್ಪೆಂಡ್ ಮಾಡಿದ್ದಾರೆ. ಹೇಳಿದವರು ಅವನ ತಾಯಿ ಕೆಂಪಾಜಮ್ಮ. ನಿನ್ನೆ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ನೇರವಾಗಿ ನಮ್ಮ ಮನೆಗೆ ಬಂದರು. ನಾಲ್ಕು ಮಡಿಕೆ ಮಾಡಿದ್ದ ಆದೇಶವನ್ನು ಹಾಲಿನ ಕ್ಯಾನಿನ ಮುಚ್ಚಳದ ಮೇಲೆ ಬಿಡಿಸಿ, "ಇದ್ರಲ್ಲಿ ನನ್ ಮಗ ಏನ್ ಮಾಡವ್ನೆ ಅಂತ ಬರ್ದವ್ರೆ, ಓದೇಳಿ ಬುದ್ದಿ" ಅಂದರು.

ಓದಿ ಹೇಳಿದೆ. ಜನವರಿ 21ರಂದು ತಾಂಡ್ಯದ ನಿಮ್ಮ ಕಾರ್ಖಾನೆಯಲ್ಲಿ ರೋಲರ್ ಮೆಷಿನ್ನಿಗೆ ಕೈ ಸಿಗದಂತೆ ಹಾಕಿದ್ದ ಜಾಲರಿ ಬಿಚ್ಚಿದ್ದೂ ಮಹದೇವ, ಸ್ವಿಚ್ ಒತ್ತಿದ್ದೂ ಮಹದೇವ. ಅದರಿಂದಲೇ ಜೊತೆ ಕೆಲಸಗಾರ ದೊಡ್ಡಸಿದ್ದಯ್ಯನವರ ಬಲಗೈಯ ಎರಡು ಬೆರಳು ಹೋದವು. ತಾನು ಸಹಿ ಮಾಡಿದ ಅಪಘಾತದ ವರದಿಯಲ್ಲಿ ಮಹದೇವ ಇದನ್ನು ಒಪ್ಪಿಕೊಂಡಿದ್ದಾನೆ. ಆದೇಶದಲ್ಲಿ ಇರುವುದು ಇಷ್ಟು.

ನನಗೆ ಅರ್ಥವಾಗದ್ದು ಕೊನೆಯ ಮಾತು. ಆ ವರದಿಯನ್ನು ನಾನು ಓದಿದ್ದೇನೆ. ಈ ಊರಿನಲ್ಲಿ ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ಸಹಿ ಹಾಕುವ ಮೊದಲು ನಮ್ಮ ಜಗುಲಿಗೆ ತರುವುದು ರೂಢಿ. ನಾನು ನಿವೃತ್ತನಾಗಿ ಒಂಬತ್ತು ವರ್ಷವಾದರೂ ಅದು ನಿಂತಿಲ್ಲ. "ಪಿಂಚಣಿ ನಿಮ್ಗೆ, ಟೀ ಕಾಯ್ಸೋ ನೌಕ್ರಿ ನಂಗೆ" ಎಂದು ನಮ್ಮಾಕೆ, ನಿಮ್ಮ ಪುಟ್ಟಬಸಮ್ಮ ಟೀಚರಮ್ಮ, ಗೊಣಗುವುದೂ ನಿಂತಿಲ್ಲ. ಜನವರಿ 25ರ ಸಂಜೆ ಮಹದೇವ ಆ ಎರಡು ಪುಟ ತಂದಿದ್ದ. ಪೂರ್ತಿ ಓದಿ, ಕನ್ನಡದಲ್ಲಿ ಹೇಳಿದೆ. "ಆಗಿದ್ದು ಇಂಗೇ ಬುದ್ದಿ, ಸರಿಯಾಗೈತೆ" ಅಂದ. ಸೋಮವಾರ ಕಾರ್ಖಾನೆಗೆ ಹೋಗಿ ಸಹಿ ಹಾಕು ಅಂದೆ. ಹಾಕಿದ.

ವರದಿ ಬರೆದವಳು ನೀನು ಎಂದು ಅವನು ಹೇಳಿದ್ದ. ಕೇಳಿ ಸಂತೋಷವಾಗಿತ್ತು.

ಫೋನಿನಲ್ಲೇ ಕೇಳಬಹುದಿತ್ತು. ಆದರೆ ಹೈಸ್ಕೂಲು ರಜೆಗಳಲ್ಲಿ ನೀನು ನನಗೆ ಕಾಗದ ಬರೆದು, ನಾನು ತಿದ್ದಿ ಕಳಿಸಿ ಬೆಳೆದವರು ನಾವು. ಈ ವಿಷಯ ಬರಹದಲ್ಲಿರುವುದೇ ಮೇಲು. ವರದಿಯ ಜೆರಾಕ್ಸ್ ಒಂದನ್ನು ಕಳಿಸು. ಮಹದೇವ ಕೇಳಿದರೆ ಕೊಡಲೇಬೇಕಾದ ಕಾಗದ ಅದು. ಅವನ ಪರವಾಗಿ ನಾನು ಕೇಳುತ್ತಿದ್ದೇನೆ.

ಇತಿ,
ಚಿಕ್ಕಬಸಪ್ಪ


ನಂಜನಗೂಡು
17 ಫೆಬ್ರವರಿ 2025

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ವರದಿಯ ಜೆರಾಕ್ಸ್ ಜೊತೆಗಿದೆ.

ಮಹದೇವಣ್ಣನ ವಿಷಯ ನನಗೂ ಬೇಸರ ತಂದಿದೆ. ಆದರೆ ಅದು ಮೇಲಿನವರ ತೀರ್ಮಾನ. ನಾನು ಆಫೀಸಿನಲ್ಲಿ ಟೈಪ್ ಮಾಡುವವಳು ಅಷ್ಟೆ, ಅದೂ ಕಾಂಟ್ರಾಕ್ಟಿನಲ್ಲಿ. ಅವತ್ತು ಸ್ಥಳದಲ್ಲಿದ್ದವರು ಹೇಳಿದ್ದನ್ನು ಕೇಳಿ ಬರೆದೆ. ನಾನು ಬರೆದದ್ದರಲ್ಲಿ ಒಂದು ಸುಳ್ಳು ಪದವೂ ಇಲ್ಲ. ಒಂದೇ ಹೆಸರನ್ನು ಸಾಲುಸಾಲಿಗೂ ಬರೆದರೆ ಇಂಗ್ಲಿಷ್ ಚೆನ್ನಾಗಿ ಕಾಣುವುದಿಲ್ಲ ಎಂದು ಎಂಟನೇ ಕ್ಲಾಸಿನಲ್ಲಿ ನೀವೇ ಕಲಿಸಿದ್ದಿರಿ. ಅದನ್ನೇ ಪಾಲಿಸಿದ್ದೇನೆ.

ಅಮ್ಮ ಚೆನ್ನಾಗಿದ್ದಾರೆ. ಟೀಚರಮ್ಮನಿಗೆ ನಮಸ್ಕಾರ ತಿಳಿಸಿ.

ತಮ್ಮ ವಿಧೇಯಳಾದ,
ಮಧುಶ್ರೀ


ಸೋಸಲೆ
24 ಫೆಬ್ರವರಿ 2025

ಶ್ರೀಮತಿ ಮಧುಶ್ರೀ ಅವರಿಗೆ,

ಹೆಸರಿನ ಮಾತನ್ನು ನಾನು ಎತ್ತಿರಲಿಲ್ಲ. ನೀವೇ ಎತ್ತಿದಿರಿ. ಆದ್ದರಿಂದ ಹುಡುಕಬೇಕಾದ ಜಾಗ ಯಾವುದೆಂದು ಕೂಡಲೇ ಗೊತ್ತಾಯಿತು.

ನೀವು ಕಳಿಸಿದ ಜೆರಾಕ್ಸಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಬಾಣ ಹಾಕಿದ್ದೇನೆ. ಕ್ಲಾಸಿನಲ್ಲಿ ನಾವು ಮಾಡುತ್ತಿದ್ದ ಹಾಗೆಯೇ. ಹಿ, ಶಿ, ಇಟ್, ದೇ ಯಾವುದು ಬಂದರೂ ಅದರಿಂದ ಒಂದು ಬಾಣ ಹೊರಟು, ಅದು ಯಾರ ಬದಲಿಗೆ ಬಂದಿದೆಯೋ ಆ ಹೆಸರಿಗೆ ಹೋಗಿ ಮುಟ್ಟಬೇಕು. ಬಾಣ ಎರಡು ಹೆಸರಿಗೆ ಹೋಗುವ ಹಾಗಿದ್ದರೆ ಸರ್ವನಾಮ ಅಳಿಸಿ ಹೆಸರನ್ನೇ ಬರೆಯಬೇಕು. ಹೆಸರನ್ನು ಮತ್ತೆ ಮತ್ತೆ ಬರೆಯಬೇಡಿ ಎನ್ನುವುದು ಮೊದಲ ಪಾಠ. ಇದು ಎರಡನೆಯದು. ನಿಮ್ಮ ಬ್ಯಾಚಿನ ನಲವತ್ತೊಂದು ಮಕ್ಕಳಲ್ಲಿ ಎರಡನೆಯ ಪಾಠದಲ್ಲಿ ಒಮ್ಮೆಯೂ ತಪ್ಪದವರು ಒಬ್ಬರೇ. ಯಾರೆಂದು ನಿಮಗೆ ಗೊತ್ತು.

ವರದಿಯ ಎರಡನೇ ಪುಟದ ನಾಲ್ಕು ವಾಕ್ಯಗಳನ್ನು ಇದ್ದ ಹಾಗೆ ಕನ್ನಡಕ್ಕೆ ಇಳಿಸುತ್ತೇನೆ. ಹಿ ಎನ್ನುವುದನ್ನು ಮಾತ್ರ ಮುಟ್ಟುವುದಿಲ್ಲ.

"ಸೂಪರ್‌ವೈಸರ್ ಬಸವೇಶ್ ಮಹದೇವನ ಬಳಿ ಬಂದರು. ಅಷ್ಟರಲ್ಲಿ ಹಿ ಜಾಲರಿ ಬಿಚ್ಚಿ ಆಗಿತ್ತು. ದೊಡ್ಡಸಿದ್ದಯ್ಯ ರೋಲರಿಗೆ ಅಂಟಿದ್ದ ಗೋಂದು ಕೆರೆಯುತ್ತಿದ್ದುದನ್ನು ಹಿ ಗಮನಿಸಲಿಲ್ಲ. ಹಿ ಸ್ವಿಚ್ ಒತ್ತಿದ್ದೂ ಆಯಿತು."

ಮೂರು ಹಿ. ಮೂರರಿಂದಲೂ ಎರಡೆರಡು ಬಾಣ ಹೊರಟವು, ಒಂದು ಬಸವೇಶ್ ಕಡೆಗೆ, ಇನ್ನೊಂದು ಮಹದೇವನ ಕಡೆಗೆ. ಮೊದಲ ಪುಟದಲ್ಲಿ ಇಂಥದು ಒಂದೂ ಇಲ್ಲ. ಅಲ್ಲಿ ಬಾಗಿಲು ತೆರೆದವರ ಹೆಸರಿದೆ, ನೀರು ತಂದವರ ಹೆಸರಿದೆ, ಆಂಬುಲೆನ್ಸಿಗೆ ಫೋನ್ ಮಾಡಿದವರ ಹೆಸರೂ ಇದೆ. ಬರೆಯಲು ಬಾರದವರು ಎರಡೂ ಪುಟದಲ್ಲಿ ತಪ್ಪುತ್ತಾರೆ. ಬೇಕಾದ ಕಡೆ ಮಾತ್ರ ತಪ್ಪಲು ಚೆನ್ನಾಗಿ ಕಲಿತಿರಬೇಕು.

ಸುಳ್ಳು ಪದ ಒಂದೂ ಇಲ್ಲ ಎಂದು ಬರೆದಿದ್ದೀರಿ. ನಿಜ. ಒಬ್ಬ ಮನುಷ್ಯನ ಕೆಲಸ ಹೋಗಲು ಅದೂ ಬೇಕಾಗಲಿಲ್ಲ.

ಇನ್ನು ನನ್ನ ತಪ್ಪು. ಆ ಸಂಜೆ ನಾನು ಬಾಣ ಹಾಕಲಿಲ್ಲ. ಪೆನ್ಸಿಲ್ ಕನ್ನಡಕದ ಡಬ್ಬಿಯಲ್ಲೇ ಇತ್ತು. ನಿಮ್ಮ ಬರಹ ಎಂದು ಗೊತ್ತಾದ ಮೇಲೆ ತೆಗೆಯಬೇಕು ಅನ್ನಿಸಲಿಲ್ಲ. ನಡೆದದ್ದನ್ನು ಮಹದೇವ ಮೊದಲೇ ಹೇಳಿದ್ದ. ಆದ್ದರಿಂದ ಹಿ ಬಂದ ಕಡೆಯೆಲ್ಲ ನನ್ನ ಬಾಯಿ ತಾನೇ "ಬಸವೇಶ್ ಅವರು" ಎಂದು ಓದಿಕೊಂಡು ಹೋಯಿತು. ಮಹದೇವ ಕೇಳಿಸಿಕೊಂಡದ್ದು ನಿಜವನ್ನು. ಸಹಿ ಹಾಕಿದ್ದು ಬೇರೆಯದಕ್ಕೆ. ನಡುವೆ ಕೂತಿದ್ದವನು ನಾನು.

ನಾಳೆ ಅವನಿಗೆ ಇದನ್ನು ಹೇಳುತ್ತೇನೆ.

ಚಿಕ್ಕಬಸಪ್ಪ


ಮೂಗೂರು
4-3-2025

ಮೇಷ್ಟ್ರಿಗೆ ಮಹದೇವ ಮಾಡುವ ನಮಸ್ಕಾರ.

ಬರೀತಾ ಇರೋದು ನನ್ನೆಂಡ್ತಿ ಕೋಮಲ. ನಾನು ಏಳ್ದಂಗೆ ಬರೀತಾವ್ಳೆ, ನೀವು ತಿದ್ದಬ್ಯಾಡಿ.

ಅವತ್ತು ನೀವು ಇದ್ನೆಲ್ಲ ಏಳ್ದಾಗ ನಿಮ್ ಜಗಲೀಲಿ ಟೀ ಬುಟ್ಟು ಎದ್ದೋದ್ನಲ್ಲ, ಟೀಚರಮ್ಮಾರು ಬೇಜಾರ್ ಮಾಡ್ಕೊಂಡಿರ್ತಾರೆ. ಅವರ ಮೇಲೆ ನಂಗೇನೂ ಇಲ್ಲ. ಊರಲ್ಲಿ ಇರಕ್ಕಾಯ್ತಿಲ್ಲ ಅಂತ ಮಾವನ ಮನೆಗೆ ಬಂದಿವ್ನಿ. ಸೋಸಲೆ ಬಸ್ ಸ್ಟಾಪಲ್ಲಿ ನಿಂತ್ರೆ "ಏನ್ಲಾ ಮಾದೇವ, ಸಿದ್ದಯ್ಯನ ಬೆಳ್ಳು ತಿಂದ್ಯಂತಲ್ಲ" ಅಂತವ್ರೆ. ತಮಾಸೆಗೇ ಅಂತವ್ರೆ, ನಂಗೊತ್ತು. ಆದ್ರೂ ಅಂತವ್ರೆ.

ಸಿದ್ದಯ್ಯಣ್ಣನ್ನ ನೋಡಕ್ಕೆ ಓಗಿದ್ದೆ. ಕೈಗೆ ಬಟ್ಟೆ ಸುತ್ಕೊಂಡು ಕುಂತಿತ್ತು. "ನಾನು ರೋಲರ್ ಕಡೆ ಮುಖ ಮಾಡಿದ್ದೆ ಕಣಪ್ಪ, ಸ್ವಿಚ್ ಕಡೆ ಬೆನ್ನಿತ್ತು. ಯಾರು ಒತ್ತುದ್ರು ಅಂತ ನಾನೆಂಗೆ ಏಳ್ಲಿ. ಕಾಗ್ದದಲ್ಲಿ ನೀನೇ ಒಪ್ಕೊಂಡಿದ್ದೀಯಂತಲ್ಲ" ಅಂತು. ಅದರ ಮಗಳು ನಂಗೆ ನೀರೂ ಕೊಡ್ನಿಲ್ಲ. ಕೆಲಸ ಓದ್ರೆ ಕೂಲಿಗೋಯ್ತೀನಿ ಮೇಷ್ಟ್ರೇ. ಜೊತೇಲಿ ಹನ್ನೊಂದು ವರ್ಸ ಬುತ್ತಿ ಹಂಚ್ಕೊಂಡು ಉಂಡೋನು, ನಾನೇ ಮಾಡುದ್ದೆ ಅಂತ ನಂಬ್ಕೊಂಡು ಕುಂತವ್ನಲ್ಲ, ಅದ್ಕೇನ್ ಮಾಡ್ಲಿ.

ಬಸವೇಶ್ ಸಾ ಮೋಸ ಮಾಡುದ್ರು. ಅವರು ಮಾಡ್ತಾರೆ, ಗೊತ್ತಿರೋದೇ. ಮಧು ಮಾಡುದ್ಲು. ಆ ಮಗೀಗೆ ಹೈಸ್ಕೂಲ್ನಾಗೆ ಸೈಕಲ್ ಪಂಚರ್ ಆದಾಗೆಲ್ಲ ತಳ್ಕೊಂಡು ಬಂದು ಮನೆ ಮುಟ್ಟಿಸ್ದೋನು ನಾನು. ಸರಿ, ಅವಳ್ಗೂ ಒಟ್ಟೆಪಾಡು. ಆದ್ರೆ ನೀವು ಓದಿ ಏಳುದ್ರಿ. ಮೇಷ್ಟ್ರು ಓದವ್ರೆ ಅಂತ ನಾನು ಇನ್ನೊಂದ್ ಸತಿ ನೋಡ್ನೇ ಇಲ್ಲ. ಮ್ಯಾನೇಜರ್ ಮುಂದೆ ಎದೆ ಸೆಟ್ಸಿ "ನಮ್ ಮೇಷ್ಟ್ರು ಓದವ್ರೆ ಸಾ" ಅಂದು ಸೈನ್ ಆಕ್ದೆ. ಅವರು ನಕ್ರು. ಯಾಕ್ ನಕ್ರು ಅಂತ ಈಗ ಗೊತ್ತಾಯ್ತು.

ಇನ್ಮೇಲೆ ಯಾವ್ದೇ ಕಾಗ್ದ ಬಂದ್ರೂ ನಿಮ್ ಅತ್ರ ತರದಿಲ್ಲ ಅಂತ ಅವ್ವಂಗೂ ಏಳಿದ್ದೀನಿ.

ಇಂತಿ,
ಮಹದೇವ


ಸೋಸಲೆ
10 ಮಾರ್ಚ್ 2025

ಮಧುಶ್ರೀ ಅವರಿಗೆ,

ಮಹದೇವನ ಕಾಗದದ ಜೆರಾಕ್ಸ್ ಜೊತೆಗಿದೆ. ಅವನು ಹೇಳಿದಂತೆ ಒಂದಕ್ಷರವನ್ನೂ ತಿದ್ದಿಲ್ಲ. ತಿದ್ದುವ ಅಗತ್ಯವೂ ಇರಲಿಲ್ಲ. ಅದರಲ್ಲಿ ಯಾರು ಯಾರಿಗೆ ಏನು ಮಾಡಿದರು ಎನ್ನುವುದು ಪ್ರತಿ ಸಾಲಿನಲ್ಲೂ ಸ್ಪಷ್ಟವಾಗಿದೆ.

ಕಾರ್ಖಾನೆ ವಿಚಾರಣೆ ನಡೆಸುತ್ತದೆಂದು ಅವನಿಗೆ ನೋಟಿಸ್ ಬಂದಿದೆ. ದಿನಾಂಕ ಇನ್ನೂ ಗೊತ್ತಾಗಿಲ್ಲ. ಕೆಂಪಾಜಮ್ಮ ನೋಟಿಸನ್ನು ನನ್ನ ಹತ್ತಿರ ತರಲಿಲ್ಲ. ಮೊಬೈಲ್ ಅಂಗಡಿಯವನ ಹತ್ತಿರ ಓದಿಸಿದರಂತೆ.

ಚಿಕ್ಕಬಸಪ್ಪ


ನಂಜನಗೂಡು
2 ಏಪ್ರಿಲ್ 2025

ಮೇಷ್ಟ್ರೇ,

ಮೂರು ಸಲ ಬರೆದು ಹರಿದೆ. ನೀವು ನನಗೆ "ನೀವು" ಎಂದು ಬರೆದ ಕಾಗದವನ್ನು ಅಮ್ಮನಿಗೆ ತೋರಿಸಲಿಲ್ಲ. "ಏನ್ ಬರ್ದವ್ರೆ ನಿಮ್ಮ ಮೇಷ್ಟ್ರು?" ಎಂದು ಅವಳು ಕೇಳಿದಾಗ, "ಇಂಗ್ಲಿಷ್ ತಿದ್ದಿದ್ದಾರೆ" ಅಂದೆ. "ಕೆಲಸಕ್ಕೆ ಸೇರುದ್ ಮೇಲೂ ತಿದ್ತಾರಾ, ಪುಣ್ಯಾತ್ಮರು" ಅಂದಳು.

ನಡೆದದ್ದನ್ನು ಹೇಳುತ್ತೇನೆ. ಅಪಘಾತದ ಸಂಜೆ ಮಹದೇವಣ್ಣ ಮತ್ತು ಬಸವೇಶ್ ಇಬ್ಬರನ್ನೂ ಬೇರೆಬೇರೆ ಕೇಳಿ ಪೆನ್ಸಿಲಿನಲ್ಲಿ ಬರೆದುಕೊಂಡೆ. ಬಸವೇಶ್ ಅಂದು ಹೆದರಿದ್ದರು. "ಗೋಂದು ಬೇಗ ಕೆರೀಲಿ ಅಂತ ಜಾಲರಿ ಯಾರ ಕೈಲೂ ಬಿಚ್ಚಿಸ್ಲಿಲ್ಲ ಕಣಮ್ಮ, ನಾನೇ ಬಿಚ್ದೆ ಅಂತ ಬರಿ. ಮುಗೀತು ಅನ್ಕೊಂಡು ಸ್ವಿಚ್ ಒತ್ಬಿಟ್ಟೆ" ಎಂದು ಅಳುತ್ತಾ ಹೇಳಿದರು. ಇನ್ನೊಬ್ಬರ ಮೇಲೆ ಹಾಕುವ ಮನಸ್ಸು ಆ ಸಂಜೆ ಅವರಿಗೂ ಇರಲಿಲ್ಲ. ಅದನ್ನು ಇಂಗ್ಲಿಷಿಗೆ ಇಳಿಸಿದೆ. ಹೆಸರುಗಳನ್ನು ಪೂರ್ತಿ ಬರೆದೆ. ಅಭ್ಯಾಸಬಲದಿಂದ ಬಾಣವನ್ನೂ ಹಾಕಿದೆ. ಈಗಲೂ ಟೈಪ್ ಮಾಡುವ ಮೊದಲು ಹಾಕುತ್ತೇನೆ. ಆಫೀಸಿನಲ್ಲಿ ನಗುತ್ತಾರೆ.

ಮರುದಿನ ಮ್ಯಾನೇಜರ್ ಪ್ರಿಂಟ್ ನೋಡಿ, "ಬಸವೇಶ್ ಬಸವೇಶ್ ಅಂತ ಎಷ್ಟು ಸಲ ಬರೀತೀಯಮ್ಮ, ಸಹಸ್ರನಾಮನಾ ಇದು? ಎರಡನೇ ಪೇಜಲ್ಲಿ ಹಿ ಅಂತ ಹಾಕು, ಓದೋಕೆ ಚೆನ್ನಾಗಿರುತ್ತೆ" ಅಂದರು. ಹೆಸರು ತೆಗೆದರೆ ಯಾರೆಂದು ಗೊತ್ತಾಗುವುದಿಲ್ಲ ಸಾರ್ ಅಂದೆ. "ಗೊತ್ತಾಗಬೇಕಾದೋರಿಗೆ ಗೊತ್ತಾಗುತ್ತೆ. ಏಪ್ರಿಲ್‌ಗೆ ನಿಂದು ಪರ್ಮನೆಂಟ್ ಫೈಲ್ ನನ್ನ ಟೇಬಲ್ ಮೇಲಿದೆ, ನೆನಪಿದೆಯಲ್ಲ" ಅಂದರು. ನಾನು ಹೋಗಿ ಮೂರು ಕಡೆ ಹೆಸರು ತೆಗೆದೆ. ಎರಡು ನಿಮಿಷದ ಕೆಲಸ. ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬೇರೆಯವರಿಗೆ ಹೇಳಬಹುದು, ನಿಮಗೆ ಹೇಳಲಾರೆ.

ಆದರೆ ಒಂದು ಮಾತು ಇದೆ. ಅದನ್ನು ಹೇಳದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. ಸಹಿ ಹಾಕಲು ಕರೆದಾಗ ಮಹದೇವಣ್ಣ, "ನಮ್ ಮೇಷ್ಟ್ರಿಗೆ ತೋರ್ಸಿ ಬತ್ತೀನಿ ಸಾ" ಎಂದು ಹಟ ಹಿಡಿದ. ಮ್ಯಾನೇಜರ್ ಒಪ್ಪಲಿಲ್ಲ. ಒಪ್ಪಿಸಿದವಳು ನಾನು. "ಕೊಡಿ ಸಾರ್, ನಮ್ಮೂರ ಮೇಷ್ಟ್ರು, ಓದಿ ಕಳಿಸ್ತಾರೆ" ಅಂದೆ. ಕಾಗದ ನಿಮ್ಮ ಕೈಗೆ ಹೋದರೆ ಸಾಕು ಎಂದುಕೊಂಡಿದ್ದೆ. ಎರಡನೇ ಪುಟ ತೆರೆದ ಕೂಡಲೇ ನೀವು ಕೆಂಪು ಪೆನ್ಸಿಲ್ ತೆಗೆಯುತ್ತೀರಿ, ಇದಕ್ಕೆ ಸಹಿ ಹಾಕಬೇಡ ಎಂದು ಅವನಿಗೆ ಹೇಳುತ್ತೀರಿ, ನಾನು ಬಾಯಿ ಬಿಡದೆಯೇ ಎಲ್ಲ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಆ ಶನಿವಾರ, ಭಾನುವಾರ ಕಾದೆ. ಸೋಮವಾರ ಅವನು ನಗುತ್ತಾ ಬಂದು ಸಹಿ ಹಾಕಿದ. ನಾನು ಆಗ ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡೆ ಮೇಷ್ಟ್ರೇ. ನಾಚಿಕೆಯಾಗುತ್ತದೆ, ಆದರೆ ಮಾಡಿಕೊಂಡದ್ದು ನಿಜ. ನಾನು ನಿಮ್ಮನ್ನು ನಂಬಿ ಬಿಟ್ಟೆ. ನೀವು ನನ್ನನ್ನು ನಂಬಿ ಬಿಟ್ಟಿರಿ.

ಪೆನ್ಸಿಲಿನಲ್ಲಿ ಬರೆದ ಮೊದಲ ಹಾಳೆಯನ್ನು ನಾನು ಹರಿದಿರಲಿಲ್ಲ. ಈ ಕಾಗದದ ಜೊತೆ ಇಟ್ಟಿದ್ದೇನೆ. ಹೆಸರು, ಬಾಣ, ತಾರೀಖು ಎಲ್ಲ ಇವೆ. ಮೂಲೆಯಲ್ಲಿ ಬಸವೇಶ್ ಅವರ ಚಿಕ್ಕ ಸಹಿಯೂ ಇದೆ. ಹೇಳಿದ್ದನ್ನು ಬರೆದುಕೊಂಡ ಮೇಲೆ ಅವರಿಂದ ಹಾಕಿಸಿಕೊಂಡಿದ್ದೆ.

ಒಂದು ಬೇಡಿಕೆ. ಇದು ಯಾರಿಂದ ಬಂತು ಎಂದು ಹೇಳಬೇಡಿ. ಎಲ್ಲೋ ಸಿಕ್ಕಿತು, ಯಾರೋ ಕೊಟ್ಟರು ಅನ್ನಿ. ನಿನ್ನೆ ನನ್ನ ಕೆಲಸ ಕಾಯಂ ಆಯಿತು.

ತಮ್ಮ,
ಮಧುಶ್ರೀ


ಸೋಸಲೆ
7 ಏಪ್ರಿಲ್ 2025, ಸೋಮವಾರ

ಮಧುಶ್ರೀ,

ಹಾಳೆ ತಲುಪಿತು. ಮೊನ್ನೆ ಮೂಗೂರಿಗೆ ಹೋಗಿ, ನೀನು ಕಳಿಸಿದ್ದೆಂದು ಹೇಳಿ, ಮಹದೇವನ ಕೈಗೆ ಕೊಟ್ಟೆ. ಅದು ಅವನಿಗೆ ಸೇರಿದ್ದು.

ಅವನು ಬಾಗಿಲಲ್ಲೇ ನಿಂತು ತೆಗೆದುಕೊಂಡ. ಒಳಗೆ ಕರೆಯಲಿಲ್ಲ. ಓದಿ ಹೇಳಲೇ ಅಂದೆ. "ಬ್ಯಾಡಿ, ಕೋಮಲ ಓದ್ತಾಳೆ" ಅಂದ. ಕೋಮಲ ಹೊಸಿಲ ಮೇಲೆ ಕೂತು, ಬಾಣದ ಮೇಲೆ ಬೆರಳಿಟ್ಟುಕೊಂಡು, ತಪ್ಪಿಲ್ಲದೆ ಓದಿದಳು. ಅವಳೂ ಮೂಗೂರು ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು ಓದಿದವಳಂತೆ. ಜನವರಿಯಲ್ಲಿ ಆ ವರದಿಯನ್ನು ಹೆಂಡತಿಗೆ ತೋರಿಸಬೇಕೆಂದು ಮಹದೇವನಿಗೂ ತೋರಲಿಲ್ಲ, ತೋರಿಸು ಎಂದು ನನಗೂ ತೋರಲಿಲ್ಲ. ಊರಿನಲ್ಲಿ ನಾನಿದ್ದೆನಲ್ಲ.

ಓದು ಮುಗಿದ ಮೇಲೆ ಮಹದೇವ ಕೇಳಿದ್ದು ಒಂದೇ: "ಇದ ಜನವರೀಲೇ ಮಡಿಕ್ಕಂಡಿದ್ಲಾ?" ಹೌದು ಅಂದೆ. "ಪರ್ಮನೆಂಟ್ ಆಗೋಗಂಟ ಮಡಿಕ್ಕಂಡಿದ್ಲು" ಅಂದ. ತಾರೀಖು ನಾನೂ ನೋಡಿದ್ದೆ.

ನಿನ್ನ ಲೆಕ್ಕಾಚಾರ ಓದಿದೆ. ನಾನು ಪೆನ್ಸಿಲ್ ತೆಗೆಯಬೇಕಿತ್ತು, ತೆಗೆಯಲಿಲ್ಲ. ಅದು ನನ್ನದು, ನಾನೇ ಹೊರುತ್ತೇನೆ. ಆದರೆ ನೀನು ಬರೆದದ್ದನ್ನು ಬೇರೆಯವರು ಹಿಡಿಯಲಿ ಎಂದು ನಮ್ಮೂರಿನ ಮನುಷ್ಯನೊಬ್ಬನ ಕೈಯಲ್ಲಿ ನನಗೆ ಪರೀಕ್ಷೆ ಕಳಿಸಿದೆ. ನಾನು ಫೇಲಾದೆ. ಶಿಕ್ಷೆ ಅವನಿಗಾಯಿತು.

ಈಗ ನಿನ್ನ ಬೇಡಿಕೆ. ಯಾರೋ ಕೊಟ್ಟರು ಎಂದು ನಾನು ಹೇಳುವುದಿಲ್ಲ. ಹೆಸರು ಅಳಿಸಿದ ಕಾಗದದಿಂದಲೇ ಇಷ್ಟೆಲ್ಲ ಆಗಿರುವಾಗ, ಅದನ್ನು ಸರಿಪಡಿಸುವ ಕಾಗದಕ್ಕೂ ಹೆಸರಿಲ್ಲದಿದ್ದರೆ ವಿಚಾರಣೆ ನಡೆಸುವವರು ಒಂದೇ ಪ್ರಶ್ನೆಯಲ್ಲಿ ಅದನ್ನು ಬದಿಗಿಡುತ್ತಾರೆ. ಇದು ಯಾರ ಕೈಬರಹ ಎಂದು ಕೇಳಿದರೆ ಗೊತ್ತು ಎನ್ನುತ್ತೇನೆ, ನಿನ್ನ ಹೆಸರು ಹೇಳುತ್ತೇನೆ. ಎಂಟನೇ ಕ್ಲಾಸಿನಿಂದ ನಾನು ತಿದ್ದಿದ ಕೈಬರಹ ಎನ್ನುವುದನ್ನೂ ಹೇಳುತ್ತೇನೆ. ನೀನು ನನ್ನನ್ನು ನಂಬಿ ಹಾಳೆ ಕಳಿಸಿದೆ, ನಾನು ಆ ನಂಬಿಕೆ ಮುರಿಯುತ್ತಿದ್ದೇನೆ. ಹಿಂದಿನಿಂದ ಮುರಿಯಬಾರದೆಂದು ವಿಚಾರಣೆಗೆ ಎರಡು ವಾರ ಮೊದಲೇ ನಿನಗೆ ಬರೆಯುತ್ತಿದ್ದೇನೆ.

ಪುಟ್ಟಬಸಮ್ಮ ಇದನ್ನು ಓದಿ, "ಆ ಹುಡುಗೀ ಕೆಲ್ಸ ಕಳೀತೀರಲ್ರೀ" ಅಂದಳು. ಇರಬಹುದು ಅಂದೆ. ಅವಳು ಟೀ ಕಾಯಿಸಲಿಲ್ಲ. ಕಾಗದ ತರುವವರೂ ಈಗ ಯಾರೂ ಇಲ್ಲ.

ನಿನ್ನೆ ಮಹದೇವ ಕಾರ್ಖಾನೆಗೆ ಕೊಡುವ ಸಾಕ್ಷಿಗಳ ಪಟ್ಟಿ ಬರೆದ. ಬರೆದದ್ದು ಕೋಮಲ. ಅದನ್ನು ನನಗೆ ತಿದ್ದಲು ಕೊಡಲಿಲ್ಲ, ಫೋನಿನಲ್ಲಿ ಓದಿ ಹೇಳಿದಳು ಅಷ್ಟೆ. ಎರಡು ಹೆಸರುಗಳಿವೆ. ಒಂದನೆಯದು ಚಿಕ್ಕಬಸಪ್ಪ, ನಿವೃತ್ತ ಶಿಕ್ಷಕ, ಸೋಸಲೆ. ಎರಡನೆಯದು ಮಧುಶ್ರೀ, ಕಚೇರಿ ಸಹಾಯಕಿ, ನಂಜನಗೂಡು.

ವಿಚಾರಣೆ ಏಪ್ರಿಲ್ 21, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ತಾಂಡ್ಯದಲ್ಲಿ, ನಿಮ್ಮ ಕಾರ್ಖಾನೆಯ ಮೊದಲ ಮಹಡಿಯ ಕೋಣೆಯಲ್ಲಿ.

ಚಿಕ್ಕಬಸಪ್ಪ